ನಗು ಬರದ ಹಾಸ್ಯ, ಗುಟ್ಟಿಲ್ಲದ ಕೊಲೆ

ದಾವಣಗೆರೆಯಿಂದ ನಿವೃತ್ತ ಸರ್ಕಾರಿ ಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ:

"ಮಗ ಟಿವಿಗೆ ನೆಟ್‌ಫ್ಲಿಕ್ಸ್, ಹಾಟ್‌ಸ್ಟಾರ್ ಎಲ್ಲ ಹಾಕಿಸಿಕೊಟ್ಟಿದ್ದಾನೆ. ವಿಮರ್ಶಕರು ಹಾಡಿ ಹೊಗಳಿದ್ದಾರೆ ಅಂತ ಎರಡು ಸರಣಿ ನೋಡಲು ಕೂತೆ. 'ಅಡಾಲೆಸೆನ್ಸ್'ನಲ್ಲಿ ಕೊಲೆ ಮಾಡಿದ್ದು ಯಾರು ಅಂತ ಮೊದಲ ಕಂತಿನಲ್ಲೇ ಗೊತ್ತಾಗಿಹೋಯಿತು. ಆಮೇಲೆ ಮೂರು ಕಂತು ಏನನ್ನು ನೋಡುವುದು? 'ದ ಬೇರ್' ಹಾಸ್ಯ ವಿಭಾಗದಲ್ಲಿ ಪ್ರಶಸ್ತಿಗಳನ್ನು ಬಾಚಿಕೊಂಡಿದೆಯಂತೆ. ನನಗೆ ಒಂದು ಸಲವೂ ನಗು ಬರಲಿಲ್ಲ, ತಲೆನೋವು ಬಂತು. ಈ ವಿಮರ್ಶಕರು ಏನು ನೋಡಿ ಮೆಚ್ಚುತ್ತಾರೆ? ನಾವು ದಿನಾ ನೋಡುವ ಧಾರಾವಾಹಿಗಳ ಬಗ್ಗೆ ಯಾಕೆ ಯಾರೂ ಬರೆಯುವುದಿಲ್ಲ?"

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ. ಎರಡು ಸಾಲು ಬರೆದು ಮುಗಿಸುವಂಥ ಪ್ರಶ್ನೆ ಇದಲ್ಲ. ಅದಕ್ಕೇ ಈ ಪುಟ ಪೂರ್ತಿ ನಿಮ್ಮ ಪತ್ರಕ್ಕೆ.

ಮೊದಲು 'ದ ಬೇರ್'. ನಗು ಬರಲಿಲ್ಲ ಅಂದಿರಿ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಸರಣಿಯನ್ನು ಮೆಚ್ಚಿಕೊಂಡ ಅಮೆರಿಕದ ವಿಮರ್ಶಕರಲ್ಲೇ ಎಷ್ಟೋ ಜನ, ಇದು ಹಾಸ್ಯ ಹೇಗಾಗುತ್ತದೆ ಅಂತ ಕೇಳಿದ್ದಾರೆ. ಅಲ್ಲಿ ಎಮ್ಮಿ ಪ್ರಶಸ್ತಿ ಕೊಡುವ ಟೆಲಿವಿಷನ್ ಅಕಾಡೆಮಿ 2015ರಲ್ಲಿ ಒಂದು ನಿಯಮ ಮಾಡಿತ್ತು. ಅರ್ಧ ಗಂಟೆಯದು ಹಾಸ್ಯ, ಒಂದು ಗಂಟೆಯದು ಡ್ರಾಮಾ ಅಂತ ಗಡಿಯಾರ ನೋಡಿ ವಿಂಗಡಿಸುವ ನಿಯಮ. 2021ರ ಕೊನೆಗೆ ಅದನ್ನು ತೆಗೆದುಹಾಕಿದರು. ಆದರೂ ಅರ್ಧ ಗಂಟೆಯ ಆಸುಪಾಸಿನ ಸರಣಿಗಳು ಹಾಸ್ಯದ ಸಾಲಿನಲ್ಲೇ ನಿಲ್ಲುವ ರೂಢಿ ಹೋಗಿಲ್ಲ. ಹಾಗಾಗಿ ಆ ಹಣೆಪಟ್ಟಿಯನ್ನು ಮರೆತುಬಿಡಿ.

ಹಾಗಾದರೆ ಮೆಚ್ಚಿದ್ದು ಏನನ್ನು? ಆ ಅಡುಗೆಮನೆಯನ್ನು. ಷಿಕಾಗೊದಲ್ಲಿ ಒಂದು ಹಳೆಯ ಸ್ಯಾಂಡ್‌ವಿಚ್ ಅಂಗಡಿ. ನಡೆಸುತ್ತಿದ್ದ ಅಣ್ಣ ಜೀವ ಕಳೆದುಕೊಂಡಿದ್ದಾನೆ. ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಪಳಗಿದ ತಮ್ಮ ಬಂದು ಸಾಲದ ಸಮೇತ ಅದನ್ನು ಹೊತ್ತುಕೊಳ್ಳುತ್ತಾನೆ. ಇಕ್ಕಟ್ಟಾದ ಜಾಗದಲ್ಲಿ ತಿರುಗುವಾಗ 'ಕಾರ್ನರ್' ಅಂತ ಕೂಗುವುದು, ಯಾರದೋ ಬೆನ್ನ ಹಿಂದೆ ಹಾಯುವಾಗ 'ಬಿಹೈಂಡ್' ಅನ್ನುವುದು, ಒಂದೇ ಸಮನೆ ಬರುವ ಆರ್ಡರ್ ಚೀಟಿಗಳು. ನಿಮಗೆ ತಲೆನೋವು ತಂದಿದ್ದು ಇದೇ ಗದ್ದಲ. ಮದುವೆಮನೆಯ ಅಡುಗೆ ಹತ್ತಿರದಿಂದ ನೋಡಿದವರಿಗೆ ಅದು ನಿಜ ಅಂತ ತಕ್ಷಣ ಗೊತ್ತಾಗುತ್ತದೆ.

ಎರಡನೇ ಸೀಸನ್ನಿನ ಏಳನೇ ಕಂತಿನವರೆಗೆ ನೀವು ಹೋಗಿರಲಿಕ್ಕಿಲ್ಲ. ಅದೊಂದನ್ನು ನೋಡಿ ಅಂತ ಕೇಳಿಕೊಳ್ಳುತ್ತೇನೆ. ರಿಚಿ ಅಂತ ಒಬ್ಬನಿದ್ದಾನೆ, ಬಾಯಿ ಬಿಟ್ಟರೆ ಬೈಗುಳ. ಅವನನ್ನು ಒಂದು ವಾರ ಬಹಳ ದೊಡ್ಡ ರೆಸ್ಟೋರೆಂಟಿಗೆ ಕೆಲಸ ಕಲಿಯಲು ಕಳಿಸುತ್ತಾರೆ. ಅಲ್ಲಿ ಅವನಿಗೆ ಸಿಗುವ ಕೆಲಸ ಫೋರ್ಕ್ ಒರೆಸುವುದು. ದಿನಾ ಅದೇ. ಒಂದು ಕಲೆ ಇರಬಾರದು, ಒಂದು ಗೆರೆ ಇರಬಾರದು. ಮೊದಲು ಸಿಡುಕುತ್ತಾನೆ. ಕಡೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಆ ರೆಸ್ಟೋರೆಂಟಿನ ಒಡತಿ, ಮುಖ್ಯ ಅಡುಗೆಯವಳು, ತಾನೇ ಕೂತು ಅಣಬೆಯ ಸಿಪ್ಪೆ ಬಿಡಿಸುತ್ತಿದ್ದಾಳೆ. ಅವನೂ ಕೈ ಹಾಕುತ್ತಾನೆ. ಇಬ್ಬರೂ ಅಣಬೆ ಬಿಡಿಸುತ್ತಾ ಸುಮ್ನೆ ಮಾತಾಡುತ್ತಾರೆ. ಅಷ್ಟೇ. ಅಳು ಇಲ್ಲ, ಉಪದೇಶ ಇಲ್ಲ. ಆದರೂ ಒಬ್ಬ ಮನುಷ್ಯ ಬದಲಾಗಿದ್ದು ನಮ್ಮ ಕಣ್ಣಿಗೆ ಕಾಣುತ್ತದೆ.

ಒಳ್ಳೆಯ ವಿಮರ್ಶಕರು ಹುಡುಕುವುದು ಇದನ್ನೇ ಅಂತ ನನ್ನ ನಂಬಿಕೆ. ಬರೆದವರು ಆ ಜಾಗವನ್ನು, ಆ ಕೆಲಸವನ್ನು, ಆ ಜನರನ್ನು ಹತ್ತಿರದಿಂದ ನೋಡಿದ್ದಾರಾ? ನೋಡಿದ್ದನ್ನು ತಾಳ್ಮೆಯಿಂದ ತೋರಿಸಿದ್ದಾರಾ? ನಗು, ಅಳು ಎರಡೂ ಅದರಿಂದಲೇ ಹುಟ್ಟಬೇಕು.

ಈಗ 'ಅಡಾಲೆಸೆನ್ಸ್'. 2025ರ ಮಾರ್ಚ್‌ನಲ್ಲಿ ಬಂದ ಇಂಗ್ಲೆಂಡಿನ ಸರಣಿ, ನಾಲ್ಕೇ ಕಂತು. 13 ವರ್ಷದ ಹುಡುಗ ಜೇಮಿ ತನ್ನ ಶಾಲೆಯ ಹುಡುಗಿಯನ್ನು ಕೊಂದ ಆರೋಪದ ಮೇಲೆ ಬೆಳ್ಳಂಬೆಳಿಗ್ಗೆ ಅರೆಸ್ಟ್ ಆಗುತ್ತಾನೆ. ಮೊದಲ ಕಂತಿನ ಕೊನೆಗೆ ಸಿಸಿಟಿವಿ ದೃಶ್ಯ ಎಲ್ಲ ಹೇಳಿಬಿಡುತ್ತದೆ. ಇದನ್ನು ಬೇಕೆಂದೇ ಹಾಗೆ ಬರೆದಿದ್ದಾರೆ ಮೇಡಂ. 'ಯಾರು' ಅನ್ನೋದು ಮುಗಿದ ಮೇಲೆ 'ಯಾಕೆ' ಅನ್ನೋದಷ್ಟೇ ಉಳಿಯುತ್ತದೆ. ಅದಕ್ಕೆ ಸುಲಭದ ಉತ್ತರ ಇಲ್ಲ.

ಈ ಸರಣಿಯ ಬಗ್ಗೆ ಬರೆದವರೆಲ್ಲ ಮೊದಲು ಹೇಳಿದ್ದು ಚಿತ್ರೀಕರಣದ ಸಾಹಸವನ್ನು. ಒಂದೊಂದು ಕಂತೂ ಒಂದೇ ಶಾಟ್, ನಡುವೆ ಎಲ್ಲೂ ಕಟ್ ಇಲ್ಲ. ಒಂದು ಕಂತಿಗೆ ಮೂರು ವಾರ ಕೊಟ್ಟಿದ್ದರು. ಮೊದಲ ಎರಡು ವಾರ ಬರೀ ತಾಲೀಮು, ಮೂರನೇ ವಾರ ಶೂಟಿಂಗ್. ನಾವು ನೋಡುವ ಮೊದಲ ಕಂತು ಎರಡನೇ ಟೇಕ್, ಕೊನೆಯ ಕಂತು 16ನೇ ಟೇಕ್. ಸಾಹಸ ದೊಡ್ಡದೇ. ಆದರೆ ಅದನ್ನಷ್ಟೇ ಹೊಗಳಿ ನಿಲ್ಲಿಸಿದ ವಿಮರ್ಶೆಗಳು ನನಗೆ ಸಾಕಾಗಲಿಲ್ಲ. ಕಟ್ ಇಲ್ಲದಿದ್ದರೆ ಆಗುವುದೇನು ಹೇಳಿ? ನಾವು ಆ ಕೋಣೆಯಿಂದ ಎದ್ದು ಹೋಗುವ ಹಾಗಿಲ್ಲ. ಅದು ಮುಖ್ಯ.

ಮೂರನೇ ಕಂತು ನೋಡಿ. ಒಂದು ಕೋಣೆ, ಒಂದು ಮೇಜು. ಕೋರ್ಟಿಗೆ ವರದಿ ಕೊಡಬೇಕಾದ ಮನಶ್ಶಾಸ್ತ್ರಜ್ಞೆ ಒಬ್ಬಳು, ಎದುರಿಗೆ ಜೇಮಿ. ಆಕೆ ಅವನಿಗೆ ಬಿಸಿ ಚಾಕೊಲೇಟ್ ತಂದಿದ್ದಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡುತ್ತಾಳೆ. ಹುಡುಗ ಒಮ್ಮೆ ಮುದ್ದಾಗಿ ನಗುತ್ತಾನೆ, ಮರುಕ್ಷಣ ಎದ್ದು ನಿಂತು ಅರಚುತ್ತಾನೆ. ನಡುವೆ ಒಂದು ಆಕಳಿಕೆ ಬರುತ್ತದೆ. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಹುಡುಗನಿಗೆ ನಿಜವಾಗಲೂ ಆಕಳಿಕೆ ಬಂತು. ಎದುರಿದ್ದ ನಟಿ ಎರಿನ್ ಡೊಹರ್ಟಿ ಪಾತ್ರ ಬಿಡದೆ, ಬೇಜಾರಾಗ್ತಿದೆಯಾ ಅಂತ ಕೇಳಿಬಿಟ್ಟರು. ಅವನ ಮುಖದಲ್ಲಿ ಒಂದು ನಗು ಮೂಡಿತು. ಹಾಗೇ ಉಳಿಸಿಕೊಂಡರು. ಓವೆನ್ ಕೂಪರ್ ಅನ್ನುವ ಆ ಹುಡುಗನಿಗೆ ಅದು ಮೊದಲ ನಟನೆ. ನಾಲ್ಕರಲ್ಲಿ ಮೊದಲು ಶೂಟ್ ಮಾಡಿದ್ದೂ ಇದೇ ಕಂತು. 2025ರಲ್ಲಿ 15ನೇ ವಯಸ್ಸಿಗೆ ಅವನಿಗೆ ಎಮ್ಮಿ ಬಂತು. ಕಂತು ಮುಗಿಯುವಾಗ ಮೇಜಿನ ಮೇಲೆ ಅವನು ಕಚ್ಚಿ ಬಿಟ್ಟ ಸ್ಯಾಂಡ್‌ವಿಚ್ ಇರುತ್ತದೆ. ಎತ್ತಲು ಹೋದ ಆಕೆ ಅರ್ಧಕ್ಕೇ ಬಿಡುತ್ತಾಳೆ. ಒಂದು ಮಾತಿಲ್ಲ. ನೀವು ಮೂವತ್ತು ವರ್ಷ ಆ ವಯಸ್ಸಿನ ಹುಡುಗರನ್ನು ನೋಡಿದವರು. ನನಗಿಂತ ಜಾಸ್ತಿ ನಿಮಗೆ ಅದು ತಟ್ಟುತ್ತದೆ.

ವಿಮರ್ಶಕರು ಮೆಚ್ಚಿದ ಇನ್ನೊಂದು ಅಮೆರಿಕದ ಸರಣಿ 'ದ ಪಿಟ್' ಬಗ್ಗೆಯೂ ಎರಡು ಮಾತು. ಪಿಟ್ಸ್‌ಬರ್ಗಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗ, 15 ಗಂಟೆಯ ಒಂದೇ ಪಾಳಿ, ಗಂಟೆಗೊಂದು ಕಂತಿನಂತೆ 15 ಕಂತು. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಯಾರಾದರೂ ಸತ್ತಾಗ ಪಿಟೀಲು ಅಳುವುದಿಲ್ಲ, ಪಕ್ಕದ ಮಂಚದ ರೋಗಿಯ ಕೆಲಸ ನಡೆಯುತ್ತಿರುತ್ತದೆ. ಬರೆಯುವವರ ತಂಡದಲ್ಲೇ ವೈದ್ಯರಿದ್ದಾರೆ. 2025ರಲ್ಲಿ ಡ್ರಾಮಾ ವಿಭಾಗದ ದೊಡ್ಡ ಎಮ್ಮಿ ಬಂದಿದ್ದು ಇದಕ್ಕೇ.

ಹಾಗಂತ ವಿಮರ್ಶಕರು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಬಿಡುಗಡೆಗೆ ಮುಂಚೆ ಅವರಿಗೆ ಎಷ್ಟೋ ಸಲ ಮೊದಲ ಕೆಲವು ಕಂತು ಮಾತ್ರ ತೋರಿಸುತ್ತಾರೆ. ಆ ಹೊಗಳಿಕೆ ಶುರುವಿಗೆ ಸಲ್ಲುತ್ತದೆ, ಕೊನೆಗೆ ಸಲ್ಲಬೇಕಾಗಿಲ್ಲ. 'ದ ಬೇರ್'ನ ಮೂರನೇ ಸೀಸನ್ 2024ರಲ್ಲಿ ಬಂದಾಗ, ಕಥೆ ನಿಂತಲ್ಲೇ ನಿಂತಿದೆ ಅಂತ ಅದೇ ವಿಮರ್ಶಕರಲ್ಲಿ ಹಲವರು ಬರೆದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ, ಹಿಂದಿನ ಸೀಸನ್ನಿಗಾಗಿ ಅದಕ್ಕೆ 11 ಎಮ್ಮಿ ಬಂತು. ಆದರೆ ಅತ್ಯುತ್ತಮ ಹಾಸ್ಯ ಸರಣಿ ಅನ್ನುವ ಮುಖ್ಯ ಪ್ರಶಸ್ತಿ 'ಹ್ಯಾಕ್ಸ್'ಗೆ ಹೋಯಿತು. ಇನ್ನೊಂದು ದೂರು ನನ್ನದು. ಕತ್ತಲಲ್ಲಿ ತೆಗೆದಿದ್ದೆಲ್ಲ ಗಂಭೀರ, ನಿಧಾನವಾಗಿದ್ದೆಲ್ಲ ಆಳ ಅನ್ನುವ ಅಭ್ಯಾಸ ಕೆಲವರಿಗಿದೆ. ಅದರಿಂದ ಮನಸ್ಸು ಬಿಚ್ಚಿ ನಗಿಸುವವರಿಗೆ ಅನ್ಯಾಯವಾಗುತ್ತದೆ.

ನಿಮ್ಮ ಕೊನೆಯ ಪ್ರಶ್ನೆ ನನ್ನನ್ನು ನಿಜಕ್ಕೂ ಕಾಡಿತು. ದಿನಾ ಬರುವ ಧಾರಾವಾಹಿಯನ್ನು ಅಳೆಯುವುದು ಕಷ್ಟ. ಮೊದಲ ವಾರ ಒಂದು ಕಥೆ, ಮುನ್ನೂರನೇ ಕಂತಿಗೆ ಇನ್ನೊಂದು. ಗುರುವಾರ ಟಿಆರ್‌ಪಿ ಬರುತ್ತದೆ, ಅಂಕಿ ಇಳಿದರೆ ಕಥೆ ತಿರುಗುತ್ತದೆ. ಹೀಗೆ ದಿನಕ್ಕೊಂದು ಕಂತು ಒದಗಿಸಬೇಕಾದವರಿಗೆ ಎರಡು ವಾರದ ತಾಲೀಮು ಎಲ್ಲಿಂದ ಬರಬೇಕು? ಆದರೆ ಇದು ನಾವು ಬರೆಯದೇ ಇರುವುದಕ್ಕೆ ನೆಪ ಆಗಬಾರದು. 1998ರಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ದೂರದರ್ಶನದಲ್ಲಿ ಬರುವಾಗ ಜನ ಕೆಲಸ ಮುಗಿಸಿ ಓಡಿ ಬಂದು ಕೂರುತ್ತಿದ್ದರು, ನಿಮಗೂ ನೆನಪಿರಬೇಕು ಅಲ್ವಾ? ಅದೂ ದಿನದ ಧಾರಾವಾಹಿಯೇ. ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದಾಗ ಆ ಬೀದಿ, ಆ ಜಗುಲಿ, ಆ ಮಳೆ ಎಲ್ಲವೂ ಪಾತ್ರಗಳಷ್ಟೇ ನಮ್ಮವಾದವು. ಹತ್ತಿರದಿಂದ ನೋಡುವ ಕಣ್ಣು ನಮ್ಮಲ್ಲೂ ಇತ್ತು, ಈಗಲೂ ಇದೆ. ಬರುವ ತಿಂಗಳಿಂದ, ನೂರು ಕಂತು ದಾಟಿದ ಒಂದು ಕನ್ನಡ ಧಾರಾವಾಹಿಯನ್ನು ತಗೊಂಡು, ಪೂರ್ತಿ ನೋಡಿ, ಎರಡು ಪುಟ ಬರೆಸುತ್ತೇವೆ.

ಅಷ್ಟರಲ್ಲಿ ನೀವು 'ಆಬಟ್ ಎಲಿಮೆಂಟರಿ'ಯ ಮೊದಲ ಕಂತು ನೋಡಿ. ಫಿಲಡೆಲ್ಫಿಯಾದ ಸರ್ಕಾರಿ ಶಾಲೆಯ ಹಾಸ್ಯ, ಬರೀ ಇಪ್ಪತ್ತು ನಿಮಿಷ ಚಿಲ್ಲರೆ. ಬರೆದು ನಟಿಸಿರುವ ಕ್ವಿಂಟಾ ಬ್ರನ್ಸನ್ ಅವರ ಅಮ್ಮ ಅದೇ ಊರಿನಲ್ಲಿ ದಶಕಗಳ ಕಾಲ ಶಿಶುವಿಹಾರದ ಟೀಚರ್ ಆಗಿದ್ದವರು. ಕಥೆ ಏನು ಗೊತ್ತಾ? ಒಂದು ಮಗು ತರಗತಿಯ ಕಾರ್ಪೆಟ್ ಮೇಲೆ ಉಚ್ಚೆ ಮಾಡಿಕೊಂಡಿದೆ. ಟೀಚರ್‌ಗೆ ಹೊಸ ಕಾರ್ಪೆಟ್ ಬೇಕು. ಶಾಲೆಗೆ ಬಂದ ದುಡ್ಡಿನಲ್ಲಿ ಹೆಡ್‌ಮಿಸ್ ತನ್ನದೇ ಮುಖ ಇರುವ ಹೊಸ ಬೋರ್ಡ್ ಹಾಕಿಸಿಕೊಳ್ಳುತ್ತಾರೆ. ಇದರಲ್ಲಿ ನಿಮಗೆ ನಗು ಖಂಡಿತ ಬರುತ್ತದೆ. ನೋಡಿದ ಮೇಲೆ, ಒಂದು ಚಾಪೆಗೋ ಬೋರ್ಡಿಗೋ ನಿಮ್ಮ ಶಾಲೆಯಲ್ಲಿ ನೀವು ಓಡಾಡಿದ ಕಥೆ ಇದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.