ಮೊದಲ ನೂರು ದಿನದಲ್ಲಿ ನಾನು ಮುಚ್ಚಿದ ಚಿಕ್ಕ ಗೇಟು

ಚಿಕ್ಕಮಗಳೂರು ಕಡೆಯ ಕ್ಯಾಥೊಲಿಕ್ ಗಂಡು ಮಕ್ಕಳ ಹೈಸ್ಕೂಲಿಗೆ ಈ ಜೂನ್‌ನಿಂದ ನೀವು ಹೆಡ್‌ಮಾಸ್ಟರ್. ಇಷ್ಟು ವರ್ಷ ಫಾದರ್‌ಗಳೇ ಕೂತಿದ್ದ ಕುರ್ಚಿ, ನೀವು ಫಾದರ್ ಅಲ್ಲ. ಮೊದಲ ನೂರು ದಿನದಲ್ಲಿ ಶಿಸ್ತಿಗೆ ಕೈ ಹಾಕಲೋ, ಎಸ್ಸೆಸ್ಸೆಲ್ಸಿ ರಿಸಲ್ಟಿಗೋ, ಹೆಣ್ಣು ಮಕ್ಕಳನ್ನೂ ಸೇರಿಸಿಕೊಳ್ಳುವ ವಿಚಾರಕ್ಕೋ ಅಂತ ಕೇಳಿದ್ದೀರಿ. 2017ರಲ್ಲಿ ನಾನೂ ಇಂಥದೇ ಕುರ್ಚಿಯಲ್ಲಿ ಕೂತೆ. ಊರು ಮಾತ್ರ ಬೇರೆ, ಮಂಗಳೂರು ಕಡೆ. ನಾನು ಕ್ಯಾಥೊಲಿಕ್ಕನೇ, ಆದರೆ ಹೆಂಡತಿ ಮಕ್ಕಳಿರುವವನು. ಮೊದಲ ವಾರ ಹುಡುಗರು ರೂಢಿ ತಪ್ಪದೆ ನನಗೂ "ಗುಡ್ ಮಾರ್ನಿಂಗ್ ಫಾದರ್" ಅನ್ನುತ್ತಿದ್ದರು.

ಆಗ ನಿಮ್ಮ ಹಾಗೆಯೇ ನನ್ನ ತಲೆಯಲ್ಲೂ ಒಂದು ಪಟ್ಟಿ ಇತ್ತು. ಅದರಲ್ಲಿ ಮೊದಲನೆಯದು ಶಿಸ್ತು.

ಹಿಂದಿನ ಫಾದರ್‌ಗೆ ಮೇ ತಿಂಗಳಲ್ಲಿ ವರ್ಗ ಆಗಿತ್ತು. ಹದಿಮೂರು ವರ್ಷ ಇದ್ದವರು ಎರಡು ಸೂಟ್‌ಕೇಸ್ ಹಿಡಿದು ಹೊರಟಿದ್ದರು. ನಾನು ಅದೇ ಆಡಳಿತದ ಬೇರೆ ಶಾಲೆಯಿಂದ ಬಂದವನು. ಇಬ್ಬರೂ ಕೂತು ಚಾರ್ಜ್ ಕೊಟ್ಟು ತೆಗೆದುಕೊಂಡಿದ್ದು ಹೆಚ್ಚೆಂದರೆ ಒಂದು ಗಂಟೆ. ಕ್ಯಾಶ್‌ಬುಕ್, ಸ್ಟಾಕ್ ರಿಜಿಸ್ಟರ್, ಮೇಷ್ಟ್ರುಗಳ ಸೇವಾ ಪುಸ್ತಕಗಳು, ಬಿಸಿಯೂಟದ ಅಕ್ಕಿ ಲೆಕ್ಕ, ಎಲ್ಲದಕ್ಕೂ ಸಹಿ ಆಯಿತು. ಕೊನೆಗೆ ಕೀಲಿಕೈ ಗೊಂಚಲು. ಒಂದೊಂದನ್ನೂ ತೋರಿಸಿದರು. ಕೆಂಪು ದಾರ ಕಟ್ಟಿದ ಒಂದು ಸಣ್ಣ ಕೀಲಿಕೈ ಬಂದಾಗ, "ಇದು ಹಿಂದಿನ ಚಿಕ್ಕ ಗೇಟಿಂದು. ಇದು ನಿಮಗೆ ಬೇಕಾಗುವುದಿಲ್ಲ, ಅದು ಯಾವಾಗಲೂ ತೆರೆದೇ ಇರ್ತದೆ" ಅಂದರು.

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅವರು ಹೇಳಿದ್ದರು. ಮುಚ್ಚಿಟ್ಟಿರಲಿಲ್ಲ. ಆದರೆ ನನ್ನ ಕಿವಿಗೆ ಬಿದ್ದದ್ದೇ ಬೇರೆ. "ವಯಸ್ಸಾಗಿದೆ ಪಾಪ, ಗೇಟು ಹಾಕಿಸುವಷ್ಟು ನಿಗಾ ಇಲ್ಲ" ಅಂದುಕೊಂಡೆ. ಯಾಕೆ ತೆರೆದಿರುತ್ತದೆ ಫಾದರ್ ಅಂತ ಕೇಳಿದ್ದರೆ ಸಾಕಿತ್ತು. ಎರಡು ನಿಮಿಷದ ಮಾತು. ಕೇಳಲಿಲ್ಲ. ನನಗೆ ಬಸ್ಸಿಗೆ ಹೊತ್ತಾಗಿತ್ತು.

ಆ ಗೇಟು ಅಡುಗೆ ಕೋಣೆಯ ಹಿಂದೆ, ದಕ್ಕೆಯ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಜಾಗದ, ದಿಕ್ಕಿಗಿತ್ತು. ಪಕ್ಕದಲ್ಲಿ ಒಂದು ನಲ್ಲಿ, ಎರಡು ಬಕೆಟ್, ಒಂದು ಲೈಫ್‌ಬಾಯ್ ಸೋಪು. ತಂತಿಯ ಮೇಲೆ ನಾಲ್ಕೈದು ಹಳೆಯ ಬಿಳಿ ಅಂಗಿ. ಶಾಲೆ ಶುರುವಾಗುವ ಮೊದಲು ಕಾಂಪೌಂಡ್ ಸುತ್ತಿ ನೋಡಿದಾಗ ಇದೆಲ್ಲ ನನಗೆ ಕಸದ ಹಾಗೆ ಕಂಡಿತು. ಅಂಗಿಗಳನ್ನು ಒರೆಸುವ ಬಟ್ಟೆಗೆ ಕೊಡಿಸಿದೆ. ಗೇಟಿಗೆ ಹೊಸ ಬೀಗ ತರಿಸಿದೆ. ಇನ್ನು ಮುಂದೆ ಎಲ್ಲರೂ ಮುಂದಿನ ಗೇಟಿನಿಂದಲೇ ಬರಬೇಕು, ಒಂಬತ್ತೂಕಾಲಿನ ಪ್ರಾರ್ಥನೆ ಬೆಲ್ ಆದ ಮೇಲೆ ಬಂದವರು ಹೊರಗೇ ನಿಲ್ಲಬೇಕು, ಮೂರು ಸಲ ಲೇಟಾದರೆ ಮನೆಯವರನ್ನು ಕರೆತರಬೇಕು. ನೋಟಿಸ್ ಬರೆದು ಸೀಲು ಹಾಕಿ ಬೋರ್ಡಿಗೆ ಅಂಟಿಸಿದೆ.

ಒಬ್ಬರೂ ಎದುರು ಮಾತಾಡಲಿಲ್ಲ. ಜೂನ್ ಪೂರ್ತಿ ಲೇಟಾಗಿ ಬರುವವರೇ ಇಲ್ಲ. ಜುಲೈಯಲ್ಲಿ ಜೋರು ಮಳೆ, ಆಗಲೂ ಎಲ್ಲ ಸರಿಯಾದ ಹೊತ್ತಿಗೇ ಬಂದರು. ಸಂಚಾಲಕರಾದ ಫಾದರ್ ಬಂದು ಬೆನ್ನು ತಟ್ಟಿದರು. ಹೊಸ ಹೆಡ್‌ಮಾಸ್ಟರ್ ಬಂದ ಮೇಲೆ ಶಾಲೆ ಸುಧಾರಿಸಿತು ಅಂತ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ಜನ ಹೇಳಿಕೊಂಡರಂತೆ. ನಾನೂ ನಂಬಿದೆ.

ನೀವು ಘಟ್ಟದ ಮೇಲಿನವರು, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ನಾಡದೋಣಿಗಳು ಬಿಟ್ಟರೆ ಬೇರೇನೂ ಹೋಗುವುದಿಲ್ಲ. ದಕ್ಕೆ ಖಾಲಿ. ಬೋಟುಗಳೆಲ್ಲ ಒಂದಕ್ಕೊಂದು ಕಟ್ಟಿ ನಿಂತಿರುತ್ತವೆ. ದಕ್ಕೆಯಲ್ಲಿ ದುಡಿಯುವವರಿಗೆ ಕೆಲಸವಿಲ್ಲ. ನನ್ನ ಶಾಲೆಯ ಹುಡುಗರಿಗೂ ಕೆಲಸವಿಲ್ಲ.

ಹೌದು, ನನ್ನ ಹುಡುಗರು ಅಲ್ಲಿ ದುಡಿಯುತ್ತಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ. ಬೆಳಗಿನ ಜಾವ ಬೋಟು ಬಂದ ಕೂಡಲೇ ಮೀನು ವಿಂಗಡಿಸುವುದು, ಐಸ್ ತುಂಬುವುದು, ಬುಟ್ಟಿ ಎತ್ತಿಕೊಡುವುದು. ಎಂಟೂವರೆಗೆ ಮುಗಿಸಿ ಓಡಿ ಬಂದರೂ ಶಾಲೆ ತಲುಪುವಾಗ ಒಂಬತ್ತೂವರೆ. ಮೈಯೆಲ್ಲ ಮೀನಿನ ವಾಸನೆ. ಹಿಂದಿನ ಫಾದರ್ ಅವರಿಗಾಗಿ ಚಿಕ್ಕ ಗೇಟು ತೆರೆದಿಟ್ಟಿದ್ದರು. ನಲ್ಲಿಯಲ್ಲಿ ಕೈಕಾಲು ತೊಳೆದು, ತಂತಿಯ ಮೇಲಿನ ಒಗೆದ ಅಂಗಿ ಹಾಕಿಕೊಂಡು, ಅಡುಗೆಯವರು ಕೊಟ್ಟ ಚಾ ಕುಡಿದು ಸದ್ದಿಲ್ಲದೆ ಕ್ಲಾಸಿಗೆ ಹೋಗುತ್ತಿದ್ದರು. ಮೊದಲ ಪೀರಿಯಡ್‌ನ ಮೇಷ್ಟ್ರುಗಳು ಏನೂ ಕೇಳುತ್ತಿರಲಿಲ್ಲ. ಯಾವ ರಿಜಿಸ್ಟರಿನಲ್ಲೂ ಇದು ಬರೆದಿರಲಿಲ್ಲ. ಬರೆಯುವಂಥದ್ದೂ ಅಲ್ಲ ಅಲ್ವಾ?

ನಾನು ಬೀಗ ಹಾಕಿದ್ದು ಜೂನ್‌ನಲ್ಲಿ. ಬೋಟು ಇಳಿದದ್ದು ಆಗಸ್ಟ್‌ನಲ್ಲಿ. ನಡುವಿನ ಎರಡು ತಿಂಗಳ ಆ ಶಿಸ್ತು ಕಡಲು ಕೊಟ್ಟ ರಜೆ, ನನ್ನ ನೋಟಿಸಿನ ಫಲವಲ್ಲ.

ಆಗಸ್ಟ್ ಎರಡನೇ ವಾರದಿಂದ ಮುಂದಿನ ಗೇಟಿನ ಹೊರಗೆ ಐದಾರು ಹುಡುಗರು ನಿಲ್ಲತೊಡಗಿದರು. ದಿನಾ ಅವರೇ. ನಾನು ಬೈದೆ. ಮನೆಯವರನ್ನು ಕರೆತನ್ನಿ ಅಂದೆ. ಮನೆಯವರು ಬರಲಿಲ್ಲ, ಯಾಕೆಂದರೆ ಅವರೂ ಆ ಹೊತ್ತಿಗೆ ದಕ್ಕೆಯಲ್ಲೇ ಇರುವವರು. ಆಮೇಲೆ ಗೇಟಿನ ಹೊರಗೆ ಒಬ್ಬನೂ ಕಾಣಲಿಲ್ಲ. ಬುದ್ಧಿ ಬಂತು ಅಂದುಕೊಂಡೆ. ಹಾಜರಿ ಪುಸ್ತಕ ತೆಗೆದು ನೋಡಬೇಕಿತ್ತು. ನಾನು ಆ ವಾರ ಪೂರ್ತಿ ಕಂಪ್ಯೂಟರಿನಲ್ಲಿ ಮಕ್ಕಳ ಮಾಹಿತಿ ತುಂಬಿಸುತ್ತಾ ಕೂತಿದ್ದೆ.

ಸೆಪ್ಟೆಂಬರ್ ಶುರುವಿನಲ್ಲಿ ಒಬ್ಬ ತಾಯಿ ಬಂದರು. ಮೀನಿನ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಬಂದು ಜಗಲಿಯಲ್ಲೇ ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಅರ್ಧ ತುಳು, ಅರ್ಧ ಕನ್ನಡದಲ್ಲಿ, "ಮಾಷ್ಟ್ರೇ, ಮಗನ ಟಿ.ಸಿ. ಕೊಡಿ" ಅಂದರು. ಹತ್ತನೇ ಕ್ಲಾಸು, ಈಗ್ಯಾಕೆ ಟಿ.ಸಿ. ಅಂದೆ. "ಸಣ್ಣ ಗೇಟು ಮುಚ್ಚಿದ ಮೇಲೆ ಅವನಿಗೆ ಬರ್ಲಿಕ್ಕೆ ಆಗುದಿಲ್ಲ ಅಲ್ಲ" ಅಂದರು. ಗಂಡ ಹಾಸಿಗೆ ಹಿಡಿದಿದ್ದಾರೆ, ಇವನ ದುಡ್ಡಿನಿಂದಲೇ ಔಷಧಿ ಅಂತಲೂ ಹೇಳಿದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಬಸ್ಸಿನ ಟೈಮು ಬದಲಾದರೆ ಹೇಳುತ್ತಾರಲ್ಲ, ಹಾಗೆ ಹೇಳಿದರು.

ನನ್ನ ಚೇಂಬರಿನಲ್ಲಿ ಸಂತ ಡಾನ್ ಬೋಸ್ಕೊ ಅವರ ಚಿತ್ರ ಇತ್ತು. ಹಿಂದಿನ ಶಾಲೆಯಲ್ಲಿ ಪ್ರತಿ ಜನವರಿ 31ಕ್ಕೆ, ಅವರ ಹಬ್ಬದ ದಿನ, ಭಾಷಣ ಮಾಡುತ್ತಿದ್ದವನು ನಾನೇ. 1841ರಲ್ಲಿ ಫಾದರ್ ಆದ ಅವರು ಇಟಲಿಯ ತೂರಿನ್ ನಗರದಲ್ಲಿ ಸೇರಿಸಿಕೊಂಡದ್ದು ಎಂಥ ಹುಡುಗರನ್ನು? ಗಾರೆ ಕೆಲಸದವರು, ಹೊಗೆ ಕೊಳವೆ ಉಜ್ಜುವವರು. ಕೆಲಸ ಮುಗಿಸಿ ಬರುವವರಿಗೆ ಅಂತ ರಾತ್ರಿ ತರಗತಿ ಇಟ್ಟರು. ಹುಡುಗರ ಪರವಾಗಿ ಮಾಲೀಕರ ಜತೆ ಕರಾರು ಪತ್ರವನ್ನೇ ಬರೆಸಿಕೊಂಡರು. ಹಬ್ಬದ ದಿನ ರಜೆ ಕೊಡಬೇಕು, ಹೊಡೆಯಬಾರದು ಅಂತ. ಇದನ್ನೆಲ್ಲ ಬಾಯಿಪಾಠ ಹೇಳುತ್ತಿದ್ದವನು ಅದೇ ಚಿತ್ರದ ಕೆಳಗೆ ಕೂತು ಆ ನೋಟಿಸಿಗೆ ಸಹಿ ಹಾಕಿದ್ದೆ.

ಮರುದಿನ ಬೆಳಿಗ್ಗೆ ಐದಕ್ಕೆ ದಕ್ಕೆಗೆ ಹೋದೆ. ನನ್ನ ಶಾಲೆಯ ಆರು ಹುಡುಗರು ಸಿಕ್ಕರು. ಒಬ್ಬ ಎಂಟನೇ ಕ್ಲಾಸಿನವನು, ಹದಿಮೂರು ವರ್ಷ. ಕಾನೂನು 2016ರಲ್ಲೇ ಬಿಗಿಯಾಗಿದೆ, ಹದಿನಾಲ್ಕು ತುಂಬದ ಮಕ್ಕಳನ್ನು ಹೀಗೆ ಕೂಲಿಗೆ ಇಡುವಂತಿಲ್ಲ. ಅವನನ್ನು ಅಂದೇ ಬಿಡಿಸಿದೆವು. ಬಡವರಿಗೆ ನೆರವಾಗುವ ಇಗರ್ಜಿಯ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಆ ಮನೆಗೆ ತಿಂಗಳ ಅಕ್ಕಿ ಕೊಡಲು ಒಪ್ಪಿದರು. ಹುಡುಗನದು ಮುಸ್ಲಿಂ ಕುಟುಂಬ, ಯಾರೂ ಅದನ್ನು ಎತ್ತಲಿಲ್ಲ. ದೊಡ್ಡ ಹುಡುಗರ ವಿಷಯಕ್ಕೆ ಬೋಟಿನವರ ಜತೆ ಕೂತು ಮಾತಾಡಿದೆ. ಏಳೂವರೆಗೆ ಬಿಡಬೇಕು, ಪರೀಕ್ಷೆ ತಿಂಗಳಲ್ಲಿ ಕರೆಯಲೇಬಾರದು. ಒಪ್ಪಿದರು. ಮಕ್ಕಳು ದುಡಿಯುವುದು ಸರಿ ಅಂತ ನಾನು ಹೇಳುತ್ತಿಲ್ಲ. ಸರಿಯಲ್ಲ. ಆದರೆ ನನ್ನ ಬೀಗ ಅವರ ದುಡಿಮೆಯನ್ನು ನಿಲ್ಲಿಸಲಿಲ್ಲ, ಓದನ್ನು ನಿಲ್ಲಿಸಿತು.

ಚಿಕ್ಕ ಗೇಟಿನ ಬೀಗ ತೆಗೆಸಿದೆ. ಐದು ಜನ ಮರಳಿ ಬಂದರು. ಟಿ.ಸಿ. ಕೇಳಲು ಬಂದಿದ್ದ ಆ ತಾಯಿಯ ಮಗ ಬರಲಿಲ್ಲ. ಮನೆಗೆ ಮೂರು ಸಲ ಹೋದೆ. ಎರಡು ಸಲ ಅವನು ಬೋಟಿನಲ್ಲಿ ಆಳ ಸಮುದ್ರಕ್ಕೆ ಹೋಗಿದ್ದ. ಮೂರನೇ ಸಲ ಸಿಕ್ಕ. ಎಸ್ಸೆಸ್ಸೆಲ್ಸಿಗೆ ಕೂರಲು ಶೇಕಡ 75 ಹಾಜರಿ ಬೇಕು, ಇನ್ನೂ ಸಮಯ ಇದೆ, ನಾನೇ ಪಾಠ ಹೇಳಿಕೊಡುತ್ತೇನೆ ಅಂದೆ. ತಲೆ ತಗ್ಗಿಸಿ ನಿಂತು, "ಬೇಡ ಸರ್, ಗೇಟಿನಲ್ಲಿ ಎಲ್ಲರ ಎದುರು ನಿಂತದ್ದು ಸಾಕಾಯ್ತು" ಅಂದ. ಲೆಕ್ಕದಲ್ಲಿ ತರಗತಿಗೇ ಮೊದಲು ಬರುತ್ತಿದ್ದ ಹುಡುಗ. ನನ್ನ ನೂರು ದಿನದಲ್ಲಿ ನಾನು ಕಳೆದದ್ದು ಅವನನ್ನು.

ನಮ್ಮ ಕನ್ನಡ ಮೇಷ್ಟ್ರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ನನಗಿಂತ ಹಿರಿಯರು. ಸಂವಿಧಾನದ 30ನೇ ವಿಧಿಯ ಬಲದಿಂದ ಅಲ್ಪಸಂಖ್ಯಾತ ಸಂಸ್ಥೆಯವರು ಸೇವಾ ಹಿರಿತನ ನೋಡದೆ ತಮಗೆ ಬೇಕಾದ ಅರ್ಹರನ್ನು ಹೆಡ್‌ಮಾಸ್ಟರ್ ಮಾಡಬಹುದು, 1998ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಹೇಳಿದೆ. ಹಾಗೆ ಅವರನ್ನು ದಾಟಿ ನನ್ನನ್ನು ತಂದಿದ್ದರು. ಮೊದಲು ಅವರ ಮೇಲೆ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಮೊದಲ ಸ್ಟಾಫ್ ಮೀಟಿಂಗಿನಲ್ಲಿ ಮುಕ್ಕಾಲು ಗಂಟೆ ನಾನೊಬ್ಬನೇ ಮಾತಾಡಿದ್ದೆ. ಅವರು ಎರಡು ಸಲ ಬಾಯಿ ತೆರೆದಿದ್ದರು. ನಾನು ಕೈ ಎತ್ತಿ ಆಮೇಲೆ ಅಂದಿದ್ದೆ.

ಈಗ ನಿಮ್ಮ ಪ್ರಶ್ನೆಗೆ. ನೂರು ದಿನದ ಲೆಕ್ಕವನ್ನೇ ಬಿಟ್ಟುಬಿಡಿ. ಜೂನ್‌ನಿಂದ ನೂರು ದಿನ ಅಂದರೆ ಸೆಪ್ಟೆಂಬರ್. ನಿಮ್ಮದು ಕಾಫಿ ಸೀಮೆ. ಕಾಫಿ ಕೊಯ್ಲು ಜೋರಾಗುವುದು ಡಿಸೆಂಬರ್, ಜನವರಿಯಲ್ಲಿ. ಎಸ್ಟೇಟ್ ಕೂಲಿಯವರ ಲೈನ್ ಮನೆಗಳ ಹುಡುಗರು ಆಗ ಎಲ್ಲಿರುತ್ತಾರೆ, ತಮ್ಮಂದಿರು, ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರು ಉಳಿಯುತ್ತಾರೆ, ಆ ತಿಂಗಳಲ್ಲಿ ಹಿಂದಿನ ಫಾದರ್ ಯಾವುದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದರು, ಇದು ತಿಳಿಯದೆ ಸೆಪ್ಟೆಂಬರ್‌ನಲ್ಲಿ ನೀವು ಗೆದ್ದೆ ಅಂದುಕೊಂಡರೆ ನನ್ನ ಹಾಗೆಯೇ ಮೋಸ ಹೋಗುತ್ತೀರಿ. ಒಂದು ವರ್ಷ ಪೂರ್ತಿ ತಿರುಗುವವರೆಗೆ ಯಾವ ರೂಢಿಯನ್ನೂ ನಿಲ್ಲಿಸಬೇಡಿ. ಮಕ್ಕಳ ಪ್ರಾಣಕ್ಕೆ ಅಪಾಯ, ಹೊಡೆತ, ದುಡ್ಡಿನ ಮೋಸ, ಇವು ಮಾತ್ರ ಬೇರೆ. ಅವನ್ನು ಅಂದೇ ನಿಲ್ಲಿಸಿ.

ಹೆಣ್ಣು ಮಕ್ಕಳನ್ನು ಸೇರಿಸುವುದು ನಿಮ್ಮೊಬ್ಬರ ತೀರ್ಮಾನವಲ್ಲ. ಅದಕ್ಕೆ ಆಡಳಿತ ಮಂಡಳಿ ಇದೆ, ಇಲಾಖೆ ಇದೆ. ರಿಸಲ್ಟು ಮೇಷ್ಟ್ರುಗಳ ಕೈಯಲ್ಲಿದೆ, ಅವರ ಜತೆ ಮುನಿಸು ಬೇಡ ಅಷ್ಟೇ.

ಫಾದರ್ ಅಲ್ಲ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತಿದೆ. ಗೌರವ ಸಿಗುತ್ತದೋ ಇಲ್ಲವೋ ಅಂತ. ಚಿಂತೆ ಮಾಡಬೇಕಾದ್ದು ಅದಕ್ಕಲ್ಲ. ಫಾದರ್ ಶಾಲೆಯ ಪಕ್ಕದಲ್ಲೇ ಮಲಗಿ ಏಳುವವರು. ಬೆಳಗಿನ ಪೂಜೆಗೆ ಹೊರಟಾಗ ಹುಡುಗರು ದಕ್ಕೆಗೆ ಓಡುವುದು ಅವರ ಕಣ್ಣಿಗೆ ಬೀಳುತ್ತದೆ. ಕಾಯಿಲೆ ಬಿದ್ದವರ ಮನೆಗೆ, ಸಾವಿನ ಮನೆಗೆ ಹೋಗುತ್ತಾರೆ. ಯಾರ ಮನೆಯಲ್ಲಿ ಒಲೆ ಉರಿಯುವುದಿಲ್ಲ ಅಂತ ಯಾರೂ ಹೇಳದೆಯೇ ಗೊತ್ತಾಗುತ್ತದೆ. ನಾವು ಎಂಟೂವರೆ ಬಸ್ಸಿಗೆ ಬಂದು ಐದಕ್ಕೆ ಹೋಗುವವರು. ನಮಗೆ ಕಡಿಮೆ ಇರುವುದು ಈ ತಿಳಿವಳಿಕೆ, ನಿಲುವಂಗಿ ಅಲ್ಲ. ಅದನ್ನು ನಡೆದೇ ಸಂಪಾದಿಸಬೇಕು. ನಾನು ಆ ವರ್ಷದಿಂದ ವಾರಕ್ಕೆ ಎರಡು ಸಂಜೆ ಹುಡುಗರ ಮನೆಗಳಿಗೆ ಹೋಗುತ್ತೇನೆ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲರ ಮನೆಗೂ. ದೂರು ಹೇಳಲು ಹೋಗುವುದಿಲ್ಲ, ಸುಮ್ನೆ ಹೋಗಿ ಕೂರುತ್ತೇನೆ.

ನಿಮ್ಮ ಫಾದರ್ ಇನ್ನೂ ಅಲ್ಲೇ ಇದ್ದರೆ ಈ ವಾರವೇ ಹೋಗಿ. ಒಂದು ಗಂಟೆಯ ಚಾರ್ಜ್ ಸಾಲದು, ಮೂರು ದಿನ ಅವರ ಹಿಂದೆಯೇ ಓಡಾಡಿ. ಬೆಳಗಿನ ಜಾವದಿಂದ ರಾತ್ರಿವರೆಗೆ. ಗೊಂಚಲಿನ ಒಂದೊಂದು ಕೀಲಿಕೈ ಹಿಡಿದು ಕೇಳಿ, ಇದು ಯಾವ ಬಾಗಿಲಿಂದು, ಯಾರಿಗಾಗಿ ತೆರೆದಿರುತ್ತದೆ, ಯಾವ ತಿಂಗಳಲ್ಲಿ. ಅವರು ಬೇಕಾಗುವುದಿಲ್ಲ ಅಂದ ಕೀಲಿಕೈ ಯಾವುದೋ, ಅದರ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ.