ಒಂದೇ ರೆಕಾರ್ಡ್ ಅಂದರೆ ಫ್ಲೆಕ್ಸ್ ಯುವರ್ ಹೆಡ್

ಒಂದು ಊರಿನ ಶುರುವಿನ ಪಂಕ್ (ವೇಗದ, ಒರಟು ರಾಕ್ ಸಂಗೀತ) ಹೇಗಿತ್ತು ಅಂತ ತಿಳಿಯಲು ಒಂದೇ ಒಂದು ಸಂಕಲನ ಹೇಳಿ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು ‘ಫ್ಲೆಕ್ಸ್ ಯುವರ್ ಹೆಡ್’ ತಗೊಳ್ಳಿ. ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತಲಿನ 11 ಬ್ಯಾಂಡ್, 32 ಹಾಡು. 1982ರ ಜನವರಿಯಲ್ಲಿ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಪುಟ್ಟ ರೆಕಾರ್ಡ್ ಕಂಪನಿ ಹೊರತಂದದ್ದು.

ಇವು ಹಿಟ್ ಹಾಡುಗಳಲ್ಲ. ರೆಕಾರ್ಡ್ ಹೊರಬರುವ ಹೊತ್ತಿಗೆ ಇದರಲ್ಲಿರುವ ಟೀನ್ ಐಡಲ್ಸ್, ಅನ್‌ಟಚಬಲ್ಸ್, ಎಸ್.ಓ.ಎ. ಮೂರೂ ಬ್ಯಾಂಡ್ ನಿಂತುಹೋಗಿದ್ದವು. ಎಸ್.ಓ.ಎ. ಹಾಡುಗಾರ ಹೆನ್ರಿ (ಮುಂದೆ ಹೆನ್ರಿ ರೋಲಿನ್ಸ್ ಅಂತ ಹೆಸರಾದವರು) ಆಗಲೇ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡ್ ಸೇರಿದ್ದರು. ಹದಿಹರೆಯದ ಹುಡುಗರ ಬ್ಯಾಂಡ್ ಅಲ್ವಾ, ಒಂದು ವರ್ಷ ಬಾಳಿದರೆ ಅದೇ ಜಾಸ್ತಿ. ಯಾರಾದರೂ ತಕ್ಷಣ ಹಿಡಿದಿಡಲೇಬೇಕಿತ್ತು. ದೊಡ್ಡ ಕಂಪನಿಗಾಗಿ ಕಾಯದೆ ಆ ಕೆಲಸ ಮಾಡಿದ್ದೂ ಆ ಹುಡುಗರೇ. ನನಗೆ ಈ ರೆಕಾರ್ಡ್ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ದುಡ್ಡು ಎಲ್ಲಿಂದ ಬಂತು ಗೊತ್ತಾ? ಟೀನ್ ಐಡಲ್ಸ್ ಶೋಗಳಿಂದ ಬಂದ ಹಣವನ್ನು ಒಂದು ಸಿಗಾರ್ ಡಬ್ಬಿಗೆ ಹಾಕಿಡುತ್ತಿತ್ತು. 1980ರಲ್ಲಿ ಬ್ಯಾಂಡ್ ಮುಗಿದಾಗ ಅದರಲ್ಲಿ ಸುಮಾರು 600 ಡಾಲರ್ ಇತ್ತು. ಪಾಲು ಮಾಡಿಕೊಳ್ಳಲಿಲ್ಲ, ತಮ್ಮ ಹಾಡುಗಳದ್ದೇ ಒಂದು ಪುಟ್ಟ ರೆಕಾರ್ಡ್ ಮಾಡಿಸಿದರು. ಡಿಸ್ಕಾರ್ಡ್ ಹುಟ್ಟಿದ್ದು ಹಾಗೆ. ಕವರ್ ಮಾಡುವುದು ಹೇಗೆಂದು ತಿಳಿಯದೆ, ಇಂಗ್ಲೆಂಡಿನ ಒಂದು ರೆಕಾರ್ಡಿನ ಕವರನ್ನು ಬಿಚ್ಚಿ ಹರಡಿ, ಸುತ್ತ ಗೆರೆ ಎಳೆದು ಅಳತೆ ತೆಗೆದರು. ಪ್ರಿಂಟ್ ಆದ ಹಾಳೆಗಳನ್ನು ಕೈಯಲ್ಲೇ ಕತ್ತರಿಸಿ, ಮಡಿಸಿ, ಅಂಟಿಸಿದರು. ಅದರಿಂದ ವಾಪಸ್ ಬಂದ ದುಡ್ಡು ಸ್ನೇಹಿತರ ಬ್ಯಾಂಡ್‌ಗಳ ರೆಕಾರ್ಡಿಗೆ ಹೋಯಿತು. ಡಿಸ್ಕಾರ್ಡ್ ರೆಕಾರ್ಡುಗಳಲ್ಲಿ ಏಳನೇ ನಂಬರಿನದೇ ಈ ಸಂಕಲನ.

ಕೇಳುವಾಗ ಯಾವ ಬ್ಯಾಂಡ್‌ನಲ್ಲಿ ಯಾರಿದ್ದಾರೆ ಅಂತ ಗಮನ ಇಡಿ. ಟೀನ್ ಐಡಲ್ಸ್‌ನಲ್ಲಿ ಬೇಸ್ ಗಿಟಾರ್ ಬಾರಿಸುವ ಇಯಾನ್ ಮೆಕೇ, ಮೈನರ್ ಥ್ರೆಟ್‌ನಲ್ಲಿ ಹಾಡುತ್ತಾರೆ. ಡ್ರಮ್ಸ್ ಎರಡರಲ್ಲೂ ಜೆಫ್ ನೆಲ್ಸನ್. ಟೀನ್ ಐಡಲ್ಸ್ ಹಾಡುಗಾರ ಯೂತ್ ಬ್ರಿಗೇಡ್‌ನಲ್ಲಿ ಮತ್ತೆ ಸಿಗುತ್ತಾರೆ. ಅನ್‌ಟಚಬಲ್ಸ್‌ನಲ್ಲಿ ಹಾಡುವುದು ಇಯಾನ್ ತಮ್ಮ ಆಲೆಕ್. ಬ್ಯಾಂಡ್ ಹೆಸರು ಬದಲಾಗುತ್ತದೆ, ಗೆಳೆಯರ ಗುಂಪು ಅದೇ.

ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಕೆಲವು ಹಾಡುಗಳಲ್ಲಿ ವೇಗ ಬಿಟ್ಟರೆ ಬೇರೇನೂ ಇಲ್ಲ. ಆದರೆ ಮೇರಿಲ್ಯಾಂಡಿನ ಕೊಲಂಬಿಯಾದಿಂದ ಬಂದ ವಾಯ್ಡ್‌ನ ಮೂರು ಹಾಡುಗಳನ್ನು ಮಾತ್ರ ಬಿಡಬೇಡಿ. ಗಿಟಾರ್ ಕಿರುಚುತ್ತದೆ, ಇನ್ನೇನು ಎಲ್ಲ ಚೆಲ್ಲಾಪಿಲ್ಲಿಯಾಯಿತು ಅನ್ನಿಸುತ್ತದೆ, ಆದರೂ ಹಾಡು ಬೀಳುವುದಿಲ್ಲ. ಸಮಯ ಕಡಿಮೆ ಇದ್ದರೆ ಮೊದಲು ಟೀನ್ ಐಡಲ್ಸ್, ಆಮೇಲೆ ಸೀದಾ ವಾಯ್ಡ್ ಕೇಳಿ.