ಲಿನಕ್ಸ್ ಲ್ಯಾಪ್‌ಟಾಪ್ ಥಿನ್ ಕ್ಲೈಂಟ್ ಆದರೂ ಕಡತಗಳು ಅದರಲ್ಲೇ ಉಳಿಯಬಹುದೇ?

ಉಳಿಯಬಹುದು. ಥಿನ್ ಕ್ಲೈಂಟ್ ಎಂದರೆ ಕೆಲಸವನ್ನು ದೂರದ ಸರ್ವರ್‌ಗೆ ಬಿಟ್ಟು, ಅದರ ಪರದೆಯನ್ನಷ್ಟೇ ತೋರಿಸುವ ಯಂತ್ರ. ತಂತ್ರಾಂಶ ಓಡುವುದು ದೂರದ ಸರ್ವರ್‌ನಲ್ಲಿ, ಕಡತಗಳು ಮಾತ್ರ ನಿಮ್ಮ ಡಿಸ್ಕ್‌ನಲ್ಲಿ ಎಂಬುದೇ ನಿಮ್ಮ ಪ್ರಶ್ನೆಯಾದರೆ, ಆರ್‌ಡಿಪಿ (ದೂರದ ಯಂತ್ರದ ಪರದೆಯನ್ನು ನಿಮ್ಮಲ್ಲಿ ತೆರೆದು ಬಳಸುವ ವಿಧಾನ) ಸಾಕು.

ಲ್ಯಾಪ್‌ಟಾಪ್‌ನಲ್ಲಿ ಆರ್‌ಡಿಪಿ ಸಂಪರ್ಕಕ್ಕೆ ಬಳಸುವ ರೆಮಿನಾ ತಂತ್ರಾಂಶ ಹಾಕಿಕೊಳ್ಳಿ. ಸಂಪರ್ಕದ ಸೆಟ್ಟಿಂಗ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳುವ ಆಯ್ಕೆಯಿದೆ. ಅಲ್ಲಿ ನಿಮ್ಮ ಒಂದು ಫೋಲ್ಡರ್ ತೋರಿಸಿದರೆ ಆಯಿತು. ದೂರದ ಯಂತ್ರ ವಿಂಡೋಸ್ ಆಗಿದ್ದರೆ ಆ ಫೋಲ್ಡರ್ 'ದಿಸ್ ಪಿಸಿ'ಯಲ್ಲಿ ಇನ್ನೊಂದು ಡ್ರೈವ್‌ನಂತೆ ಕಾಣುತ್ತದೆ. ಲಿನಕ್ಸ್ ಆಗಿದ್ದು ಎಕ್ಸ್‌ಆರ್‌ಡಿಪಿ (ಲಿನಕ್ಸ್‌ನ ಆರ್‌ಡಿಪಿ ಸರ್ವರ್ ತಂತ್ರಾಂಶ) ಬಳಸುತ್ತಿದ್ದರೆ, ಸಾಮಾನ್ಯವಾಗಿ ಹೋಮ್ ಫೋಲ್ಡರಿನೊಳಗೆ 'ಥಿನ್‌ಕ್ಲೈಂಟ್ ಡ್ರೈವ್ಸ್' ಎಂಬ ಹೆಸರಿನಲ್ಲಿ ಸಿಗುತ್ತದೆ. ಇಡೀ ಹೋಮ್ ಫೋಲ್ಡರನ್ನೇ ಹಂಚಬೇಡಿ; ನಿಮ್ಮ ಎಸ್‌ಎಸ್‌ಎಚ್ ಕೀಲಿಗಳೂ (ದೂರದ ಯಂತ್ರಗಳಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಗುಪ್ತ ಕಡತಗಳು) ಅದರೊಂದಿಗೆ ಹೋಗುತ್ತವೆ.

ಜನ ಎಡವುವುದು ವೇಗದ ವಿಷಯದಲ್ಲಿ. ಕಡತ ನಿಮ್ಮಲ್ಲಿದ್ದರೂ ಅದನ್ನು ತೆರೆಯುವ ತಂತ್ರಾಂಶ ಅಲ್ಲಿದೆ. ಹಾಗಾಗಿ 200 ಎಂಬಿಯ ವಿಡಿಯೊ ತೆರೆದರೆ ಅದು ನಿಮ್ಮ ಅಪ್‌ಲೋಡ್ ಮಾರ್ಗದಲ್ಲೇ ಸಾಗಬೇಕು. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ಪೂರ್ತಿ ತಲುಪಲು ಎರಡೂವರೆ ನಿಮಿಷಕ್ಕೂ ಹೆಚ್ಚು ಬೇಕು. ಪತ್ರ, ಲೆಕ್ಕದ ಹಾಳೆಗಳಿಗೆ ಇದು ಗೊತ್ತೇ ಆಗುವುದಿಲ್ಲ. ದೊಡ್ಡ ಕಡತವಾದರೆ ಸರ್ವರ್‌ಗೆ ನಕಲಿಸಿ, ಅಲ್ಲೇ ತಿದ್ದಿ, ಮುಗಿದ ಪ್ರತಿಯನ್ನು ಹಿಂದಕ್ಕೆ ತನ್ನಿ. ಹಂಚಿದ ಫೋಲ್ಡರಿನಲ್ಲಿ ಡೇಟಾಬೇಸ್ ಇಟ್ಟು ಓಡಿಸುವ ಸಾಹಸವಂತೂ ಬೇಡವೇ ಬೇಡ. ಸಂಪರ್ಕ ಒಮ್ಮೆ ತುಂಡಾದರೆ ಅದು ಕೆಡಬಹುದು.

ಎರಡೂ ಕಡೆ ಲಿನಕ್ಸ್ ಇದ್ದರೆ ದೂರದ ಪರದೆ ತೆರೆಯುವ ಇನ್ನೊಂದು ತಂತ್ರಾಂಶ ಎಕ್ಸ್‌2ಗೋ ಕೂಡ ನೋಡಿ. ಎಸ್‌ಎಸ್‌ಎಚ್ ಎಂಬ ಗೂಢಲಿಪೀಕೃತ ಸಂಪರ್ಕದ ಮೇಲೆಯೇ ನಡೆಯುತ್ತದೆ, ಫೋಲ್ಡರ್ ಹಂಚಿಕೆಯೂ ಇದೆ. ಆರ್‌ಡಿಪಿಯ 3389 ಪೋರ್ಟನ್ನು ಮಾತ್ರ ಅಂತರಜಾಲಕ್ಕೆ ನೇರವಾಗಿ ತೆರೆದಿಡಬೇಡಿ, ವಿಪಿಎನ್ (ಖಾಸಗಿ ಸುರಕ್ಷಿತ ಜಾಲ) ಮೂಲಕವೇ ಹೋಗಿ.